ಅಣಕಕ್ಕೆ ಸಿಗದ ನಾಡಿ

ನನಗೆ ಬಾರದ ದನಿಯೇ ಇಲ್ಲ ಎಂಬ ಜಂಬ ನನಗೆ ಬಹಳ ಕಾಲ ಇತ್ತು. ಯಲಹಂಕದ ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ಮಾರುವವನ ಮೂಗಿನ ರಾಗ, ನಮ್ಮ ಪ್ರಿನ್ಸಿಪಾಲರು ಒಮ್ಮೆ ಕೆಮ್ಮಿ, ಕನ್ನಡಕ ಒರೆಸಿ, ಇನ್ನೊಮ್ಮೆ ಕೆಮ್ಮಿ, ಹೇಳಬೇಕಾದದ್ದನ್ನೇ ಮರೆತು ‘ಎನಿವೇ’ ಎನ್ನುವ ಗತ್ತು, ಬಾಗಲೂರಿನಲ್ಲಿ ನಮ್ಮ ಪಕ್ಕದ ಮನೆಯ ಎಮ್ಮೆ ಕರು ಕಾಣದಿದ್ದಾಗ ತೆಗೆಯುವ ಆಲಾಪ, ಎಲ್ಲವೂ ನನ್ನ ಗಂಟಲಲ್ಲಿ ಬಿಡಾರ ಹೂಡಿದ್ದವು. ನನ್ನನ್ನೇ ನಾನು ಅಣಕಿಸುವುದೂ ಬರುತ್ತಿತ್ತು. ಅದಕ್ಕೆ ಹೆಚ್ಚಿನ ಅಭ್ಯಾಸ ಬೇಡ, ತರಗತಿಯಲ್ಲಿ ಪ್ರಶ್ನೆ ಕೇಳಿದಾಗಿನ ಹಾಗೆ ಬಾಯಿ ತೆರೆದುಕೊಂಡು ನಿಂತರೆ ಸಾಕು. ಹೀಗೆ ಊರವರ ದನಿಯನ್ನೆಲ್ಲ ದೋಚಿಕೊಂಡು ಕೂತಿದ್ದ ನನಗೆ ಒಂದು ಸದ್ದು ಮಾತ್ರ ಕೈಗೆ ಸಿಗಲಿಲ್ಲ. ತಮಾಷೆಯೆಂದರೆ ಅದು ನನ್ನ ಮಣಿಕಟ್ಟಿನಲ್ಲೇ ಇತ್ತು.

ಈ ವಿದ್ಯೆಯಿಂದ ನನಗಾದ ಮೊದಲ ಲಾಭ ಸೋಮಾರಿತನ. ಹೆಬ್ಬಾಳದ ನಮ್ಮ ಕೃಷಿ ಕಾಲೇಜಿನಲ್ಲಿ ಬೆಳಿಗ್ಗೆ ಆರೂವರೆಗೆ ಡ್ರಿಲ್. ಆ ಹೊತ್ತಿಗೆ ಕೆರೆಯ ಕಡೆಯಿಂದ ಮಂಜು ಎದ್ದು ಬಂದು ಮೈದಾನದಲ್ಲಿ ಸಾಲಾಗಿ ನಿಲ್ಲುತ್ತಿತ್ತು. ನಿಷ್ಠೆಯಿಂದ ಹಾಜರಾಗುತ್ತಿದ್ದದ್ದು ಅದೊಂದೇ. ನಾನು ಮಂಜಿನೊಳಗೆ ಅವಿತು, ಹಾಸ್ಟೆಲಿನಲ್ಲಿ ಕಂಬಳಿ ಹೊದ್ದು ಮಲಗಿದ್ದ ಹನ್ನೊಂದು ಜನರ ಪರವಾಗಿ ಹನ್ನೊಂದು ದನಿಯಲ್ಲಿ ‘ಯೆಸ್ ಸಾರ್’ ಎಂದು, ಕೊನೆಗೆ ನನ್ನದೊಂದನ್ನೂ ಸೇರಿಸಿ, ಕ್ಯಾಂಟೀನಿನ ಹಿಂಬದಿಗೆ ಜಾರಿಕೊಳ್ಳುತ್ತಿದ್ದೆ. ಆ ಹನ್ನೊಂದು ಮಂದಿ ಸರದಿಯ ಮೇಲೆ ಇಡ್ಲಿ ಕೊಡಿಸುತ್ತಿದ್ದರು. ಮೂರು ವರ್ಷದಲ್ಲಿ ಹನ್ನೊಂದು ಜನ ತಪ್ಪಿಸಿಕೊಂಡ ವ್ಯಾಯಾಮವೆಲ್ಲ ನನ್ನೊಬ್ಬನ ಸೊಂಟದ ಸುತ್ತ ಬಂದು ಕೂತಿತು.

ಕೊನೆಯ ವರ್ಷಕ್ಕೆ ಪಾಟೀಲ ಮೇಷ್ಟ್ರು ಬಂದರು. ದೈಹಿಕ ಶಿಕ್ಷಣಕ್ಕೆ. ಗದಗಿನ ಕಡೆಯವರು, ಒಣಗಿದ ಕರಿಜಾಲಿಯಂಥ ಆಳು. ಮನೆ ಆರ್.ಟಿ. ನಗರದಲ್ಲಿ. ಅಲ್ಲಿಂದ ದಿನವೂ ಓಡಿಕೊಂಡೇ ಕಾಲೇಜಿಗೆ ಬರುತ್ತಿದ್ದರು. ನಮ್ಮ ಕಡೆ ನಲವತ್ತು ದಾಟಿದ ಗಂಡಸು ರಸ್ತೆಯಲ್ಲಿ ಓಡಿದರೆ ಎರಡೇ ಕಾರಣ: ಒಂದೋ ಬಸ್ಸು ಮುಂದಿದೆ, ಇಲ್ಲವೇ ನಾಯಿ ಹಿಂದಿದೆ. ಎರಡೂ ಇಲ್ಲದೆ ಓಡುವ ಈ ಮನುಷ್ಯನನ್ನು ಕಂಡು ಹಾಲಿನವರು ಸೈಕಲ್ ನಿಲ್ಲಿಸಿ, ‘ಕೂತ್ಕೊಳ್ಳಿ ಸಾ, ಬಿಡ್ತೀನಿ’ ಎನ್ನುತ್ತಿದ್ದರಂತೆ. ಮೇಷ್ಟ್ರು ಮೊದಲ ದಿನ ಹಾಜರಿ ಕೂಗಿದರು. ನಾನು ನನ್ನ ಹನ್ನೆರಡು ದನಿಯ ಕಛೇರಿ ಮುಗಿಸಿದೆ. ಅವರು ಮಂಜಿನ ಕಡೆ ಸ್ವಲ್ಪ ಹೊತ್ತು ನೋಡಿ, ಪುಸ್ತಕ ಮುಚ್ಚಿ, ‘ನಾಳಿಂದ ಹಾಜರಿ ಬ್ಯಾಡ. ದನಿ ಸುಳ್ಳು ಹೇಳ್ತದ. ನಾಡಿ ಹೇಳಂಗಿಲ್ಲ’ ಎಂದರು.

ಮರುದಿನ ನೋಟೀಸ್ ಬೋರ್ಡಿನಲ್ಲಿ ಇಂಕು ಮೆತ್ತಿಕೊಂಡ ಸೈಕ್ಲೋಸ್ಟೈಲ್ ಕಾಗದ. ಮೊಣಕಾಲೆತ್ತರದ ಬೆಂಚನ್ನು ನಿಮಿಷಕ್ಕೆ ಮೂವತ್ತು ಸಲದಂತೆ ಐದು ನಿಮಿಷ ಹತ್ತಿ ಇಳಿಯಬೇಕು. ಒಂದು ನಿಮಿಷ ಕೂತು ಸುಧಾರಿಸಿಕೊಳ್ಳಬಹುದು. ಆಮೇಲೆ ಅರ್ಧ ನಿಮಿಷ ನಾಡಿ ಎಣಿಸುತ್ತಾರೆ. ಎಪ್ಪತ್ತರೊಳಗಿದ್ದರೆ ಪಾಸು. ಫೆಬ್ರವರಿಯಲ್ಲಿ ಪರೀಕ್ಷೆ, ಅದರಲ್ಲಿ ನಪಾಸಾದವನಿಗೆ ಏಪ್ರಿಲ್ಲಿನ ದೊಡ್ಡ ಪರೀಕ್ಷೆಗೆ ಹಾಲ್ ಟಿಕೆಟ್ ಇಲ್ಲ. ಮಣ್ಣು, ಗೊಬ್ಬರ, ಹುಳುಹುಪ್ಪಟೆಗಳ ಬಗ್ಗೆ ನಾಲ್ಕು ವರ್ಷ ಓದಿದವನ ಭವಿಷ್ಯ ಒಂದು ಬೆಂಚಿನ ಮೇಲೆ ನಿಂತುಬಿಟ್ಟಿತು.

ನವೆಂಬರಿನಲ್ಲಿ ಒಂದು ಅಭ್ಯಾಸ ಪರೀಕ್ಷೆ ನಡೆಯಿತು. ಆಗ ನಾವೆಲ್ಲ ಬೆಲ್‌ಬಾಟಮ್ ಭಕ್ತರು. ನನ್ನ ಪ್ಯಾಂಟಿನ ಒಂದೊಂದು ಕಾಲಿನ ಅಂಚಿನಲ್ಲೂ ಒಂದೊಂದು ಸಂಸಾರ ಮಳೆಗೆ ನಿಲ್ಲಬಹುದಿತ್ತು. ಹತ್ತುವಾಗ ಬಲಗಾಲಿನ ಬಟ್ಟೆಯನ್ನು ಎಡಗಾಲು ತುಳಿಯುವುದು, ಇಳಿಯುವಾಗ ಎಡಗಾಲಿನದನ್ನು ಬಲಗಾಲು ತುಳಿದು ಸೇಡು ತೀರಿಸಿಕೊಳ್ಳುವುದು ನಡೆಯಿತು. ಎರಡನೆಯ ನಿಮಿಷದ ಕೊನೆಗೆ ನಾನು ಬೆಂಚಿನ ಮೇಲೆ ಕೂತೆ, ಕೂತದ್ದು ನನಗೇ ಆಮೇಲೆ ತಿಳಿಯಿತು. ಆದರೂ ಕಲಾವಿದ ಕೈಬಿಡುತ್ತಾನೆಯೆ? ಮೇಷ್ಟ್ರು ಹತ್ತಿರ ಬಂದಾಗ ಮಠದ ಸ್ವಾಮಿಗಳು ಕಣ್ಣುಮುಚ್ಚಿ ಉಸಿರು ಬಿಡುವ ಶೈಲಿಯಲ್ಲಿ ತಣ್ಣಗೆ ಉಸಿರಾಡಿ ತೋರಿಸಿದೆ. ಮುಖ ಹೇಳಿದ ಮಾತು ಕೇಳಿತು, ಮೂಗೂ ಕೇಳಿತು. ಮೇಷ್ಟ್ರು ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟರು ನೋಡಿ, ಅಲ್ಲಿ ನನ್ನ ನಾಟಕಕ್ಕೆ ತೆರೆ ಬಿತ್ತು.

‘ಏ ತಮ್ಮಾ, ಮ್ಯಾಲೆ ಸ್ವಾಮೇರು ಕುಂತಾರ, ಒಳಗ ಜ್ವಾಳದ ಗಿರಣಿ ನಡದೈತಲ್ಲೋ!’ ಎಂದರು.

ಮೈದಾನವೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಗಂಗಾಧರ. ಮಾಕಳಿಯವನು, ನನ್ನ ಹಾಸ್ಟೆಲಿನ ಕೋಣೆಯ ಜೊತೆಗಾರ, ದೇಹದಲ್ಲಿ ನನಗಿಂತ ಒಂದೂವರೆಪಟ್ಟು. ಅವನು ಒಂದೂವರೆ ನಿಮಿಷಕ್ಕೇ ಕೂತಿದ್ದ. ನನ್ನ ಅವಮಾನದಲ್ಲಿ ಅವನಿಗೆ ಅರ್ಧ ನಿಮಿಷದ ಸಮಾಧಾನ ಸಿಕ್ಕಿತ್ತು.

ಆ ಶನಿವಾರ ಬಾಗಲೂರಿಗೆ ಹೋದೆ. ಬಸ್ಸಿನ ಮೆಟ್ಟಿಲನ್ನು ಕೈಯಿಂದ ತೊಡೆ ಎತ್ತಿ ಎತ್ತಿ ಹತ್ತಿದೆ. ಮನೆಯ ಜಗುಲಿಯ ಮುಂದೆ ನಿಂತು ಇದಕ್ಕೂ ಸುತ್ತುಬಳಸಿನ ದಾರಿ ಇದೆಯೇ ಎಂದು ಯೋಚಿಸಿ, ಕೊನೆಗೆ ಗೋಡೆ ಹಿಡಿದು ಹತ್ತುತ್ತಿದ್ದಾಗ ಅವ್ವ ಹೊರಗೆ ಬಂದಳು. ‘ಇದೇನ್ಲಾ ಇಂಗೆ ಗ್ವಾಡೆ ಇಡ್ಕಂಡ್ ಅತ್ತೀಯ? ನಮ್ಮತ್ತೆ ಎಂಬತ್ ವರ್ಸುಕ್ಕೂ ಇಂಗ್ ಅತ್ಲಿಲ್ಲ’ ಎಂದು, ನೀರು ಕೊಟ್ಟಳು. ಹೊಸ ಸ್ಟೀಲ್ ಚೊಂಬು. ಅದರ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ನನ್ನ ಹೆಸರು, ಹೆಸರಿನ ಮುಂದೆ ‘ಬಿ.ಎಸ್ಸಿ.’ ಪಾತ್ರೆಗೆ ಹೆಸರು ಕೊರೆಯುವವನು ಊರಿಗೆ ಬಂದಿದ್ದನಂತೆ. ಮತ್ತೆ ಅವನು ಬರುವುದು ಯುಗಾದಿ ಕಳೆದ ಮೇಲೆ. ಅಲ್ಲಿಯ ತನಕ ಯಾರು ಕಾಯುತ್ತಾರೆಂದು ಅವ್ವ ಮುಂಗಡವಾಗಿ ಪದವಿ ಪ್ರದಾನ ಮಾಡಿಬಿಟ್ಟಿದ್ದಳು. ನಾನು ನೀರು ಕುಡಿಯುತ್ತ ಮೆಲ್ಲಗೆ, ‘ಅವ್ವಾ, ಅಕಸ್ಮಾತ್ ಈ ವರ್ಷ ಆಗ್ದೇ ಹೋದ್ರೆ?’ ಎಂದೆ. ಅವಳು ಚೊಂಬನ್ನು ಸೆರಗಿನಿಂದ ಒರೆಸಿ, ‘ಕೊರ್ಸಿದ್ದು ಅಳ್ಸಕ್ಕಾಯ್ತದಾ?’ ಎಂದಳು. ಕಾಗದದ ಮೇಲಿನ ಹೆಸರಾದರೆ ಅಳಿಸಬಹುದು, ಪೆನ್ಸಿಲಿನದಾದರೆ ಇನ್ನೂ ಸುಲಭ. ಸ್ಟೀಲಿನ ಮೇಲಿನ ಬಿ.ಎಸ್ಸಿ.ಗೆ ರಬ್ಬರ್ ಇಲ್ಲ. ಫೆಬ್ರವರಿಯವರೆಗೂ ನನಗೆ ಎಲ್ಲಿ ನೀರು ಕುಡಿದರೂ ಚೊಂಬಿನ ನೆನಪೇ ಗಂಟಲಿಗೆ ಅಡ್ಡ ಬರುತ್ತಿತ್ತು.

ಮೇಷ್ಟ್ರ ಬಳಿ ಲಯ ಹಿಡಿಯಲು ಒಂದು ಯಂತ್ರವಿತ್ತು. ಗೋಪುರದ ಆಕಾರದ ಮರದ ಪೆಟ್ಟಿಗೆ, ಕೀ ಕೊಟ್ಟರೆ ಒಳಗಿನ ಕಡ್ಡಿ ಅತ್ತಿತ್ತ ಆಡಿ ‘ಟಕ್, ಟಕ್’ ಎನ್ನುವುದು. ಸಂಗೀತ ಕಲಿಸುವವರೊಬ್ಬರಿಂದ ಕಾಡಿ ಬೇಡಿ ತಂದದ್ದು. ಅದರ ಟಕ್ಕಿಗೆ ಸರಿಯಾಗಿ ಎಂಟೆಂಟು ಜನ ಒಂದೇ ಉದ್ದ ಬೆಂಚನ್ನು ಹತ್ತಿ ಇಳಿಯಬೇಕು. ಡಿಸೆಂಬರಿನ ಒಂದು ಬೆಳಿಗ್ಗೆ ನನ್ನ ಸರದಿಯಿನ್ನೂ ಬಂದಿರಲಿಲ್ಲ. ಹಿಂದೆ ನಿಂತು ಹೊತ್ತು ಹೋಗದೆ ಆ ಪೆಟ್ಟಿಗೆಯ ದನಿಯನ್ನು ನಾಲಿಗೆಯಲ್ಲಿ ರೂಢಿ ಮಾಡಿಕೊಳ್ಳುತ್ತಿದ್ದೆ. ಟಕ್, ಟಕ್. ಹುಡುಗರು ಹತ್ತುತ್ತಿದ್ದರು, ಇಳಿಯುತ್ತಿದ್ದರು. ಮೇಷ್ಟ್ರು ಮಾತ್ರ ಪೆಟ್ಟಿಗೆಯನ್ನೇ ನೋಡುತ್ತಿದ್ದರು. ಅದರ ಕಡ್ಡಿ ಯಾವಾಗಲೋ ನಿಂತುಹೋಗಿತ್ತು. ಸ್ಪ್ರಿಂಗ್ ಕಿತ್ತುಹೋದ ಪೆಟ್ಟಿಗೆ ಸುಮ್ಮನಿದೆ, ಟಕ್ಕು ನಡೆದೇ ಇದೆ, ಎಂಟು ಜನ ಹತ್ತಿ ಇಳಿಯುತ್ತಲೇ ಇದ್ದಾರೆ. ಮೇಷ್ಟ್ರು ಕೈಗಡಿಯಾರ ತೆಗೆದು ಒಂದು ನಿಮಿಷ ಎಣಿಸಿದರು. ಸರಿಯಾಗಿ ಮೂವತ್ತು. ಹಿಂದೆ ಬಂದು ನನ್ನ ಕಿವಿ ಹಿಡಿದರು. ಕಿವಿ ಹಿಡಿದಾಗಲೂ ನಾಲಿಗೆ ಲಯ ತಪ್ಪಲಿಲ್ಲ ಎಂಬುದು ನನ್ನ ಜೀವನದ ದೊಡ್ಡ ಪ್ರಶಸ್ತಿ.

‘ಇನ್ನ ಮ್ಯಾಲ ನೀನ ಪೆಟ್ಟಿಗಿ’ ಎಂದರು ಮೇಷ್ಟ್ರು.

ನಾನು ಒಳಗೊಳಗೇ ಕುಣಿದೆ. ಎಲ್ಲರೂ ಬೆವರುತ್ತಿರುವಾಗ ನಾನು ನಿಂತಲ್ಲೇ ನಿಂತು ‘ಏರು, ಇಳಿ’ ಎಂದು ಪಾಟೀಲ ಮೇಷ್ಟ್ರ ದನಿಯಲ್ಲೇ ಕೂಗುತ್ತ ಇರಬಹುದು. ಪೆಟ್ಟಿಗೆಗೆ ಯಾರಾದರೂ ಪರೀಕ್ಷೆ ಇಡುತ್ತಾರೆಯೆ? ಎರಡು ದಿನ ಈ ಸುಖದಲ್ಲಿ ಕಳೆಯಿತು. ಮೂರನೆಯ ದಿನ ಗಂಗಾಧರ ಹಲ್ಲುಜ್ಜುವ ಕಡೆ ಬಂದು ನಿಂತ.

‘ಮಗಾ, ಒಸಿ ನಿಧಾನುಕ್ ಕೂಗ್ಲಾ. ನಂಗೆ ಪ್ರಾಣ ಓಯ್ತದೆ.’

‘ಮೇಷ್ಟ್ರು ಗಡಿಯಾರ ನೋಡ್ತಾರೆ ಕಣೋ.’

‘ದಿನಾ ನೋಡಕ್ಕಾಯ್ತದಾ? ನಿನ್ ಇಡ್ಲಿ ನಂದು ಗುರು.’

ಇಡ್ಲಿಗೆ ಸೋಲುವುದು ನನ್ನ ಹಳೆಯ ಚಾಳಿ. ಗಂಗನ ಸಾಲು ಬಂದಾಗ ಮೊದಲ ನಿಮಿಷ ಸರಿಯಾಗಿ ಕೂಗಿ, ಎರಡನೆಯದರಲ್ಲಿ ‘ಏ…ರು’ ಎಂದು ಸ್ವಲ್ಪ ಎಳೆದೆ. ಮೂರನೆಯದರಲ್ಲಿ ಅದು ಹರಿಕಥೆಯಾಯಿತು. ಗಂಗ ಮೆರವಣಿಗೆಯ ಆನೆಯ ಹಾಗೆ ಗಂಭೀರವಾಗಿ ಹತ್ತಿ, ಸುತ್ತ ನೋಡಿ, ಇಳಿಯುತ್ತಿದ್ದ. ಅವನ ಪಕ್ಕದವನು ಆಕಳಿಸಿದ. ಮೇಷ್ಟ್ರು ಗಡಿಯಾರ ನೋಡಲೇ ಇಲ್ಲ. ತಮ್ಮ ಕಾಲಿನಿಂದ ನೆಲ ತಟ್ಟಿ ನೋಡಿದರು, ಅಷ್ಟೆ. ಆ ಕಾಲಿಗೆ ಎಲ್ಲ ಗೊತ್ತಿತ್ತು.

‘ನಿಂತು ಕೂಗಿದ್ರ ಬಾಯಿ ಸುಳ್ಳು ಹೇಳ್ತದ. ಬೆಂಚ್ ಏರಿ ಕೂಗು. ಹನ್ನೊಂದು ಮಂದಿ ಹಾಜರಿ ಹೇಳಿದ್ದಿಯಲ್ಲಾ, ಈಗ ಅವರ ಪಾಲಿನ ಬೆಂಚೂ ಏರು.’

ಮಂಜಿನೊಳಗಿನ ಹನ್ನೊಂದು ದನಿಗಳ ಲೆಕ್ಕ ಅವರಿಗೆ ಮೊದಲ ದಿನದಿಂದಲೂ ಇತ್ತು ಎಂದು ಆಗ ತಿಳಿಯಿತು.

ಮರುದಿನದಿಂದ ನನ್ನೆದುರಿಗೊಂದು ಒಂಟಿ ಬೆಂಚು ಬಂತು. ಸಾಲು ಬದಲಾಗುತ್ತದೆ, ಪೆಟ್ಟಿಗೆ ಬದಲಾಗುವುದಿಲ್ಲ. ಮೊದಲ ದಿನ ಒಂದೇ ಸಾಲಿಗೆ ಕೂಗುವಷ್ಟರಲ್ಲಿ ‘ಏರು’ ಎಂಬುದು ‘ಏ’ ಆಗಿ, ಅದೂ ಹೋಗಿ ಬರೀ ಗಾಳಿಯಾಯಿತು. ಹುಡುಗರು ನನ್ನ ಗಾಳಿಗೆ ಹತ್ತಿ ಇಳಿದರು. ರಾತ್ರಿ ತೊಡೆಯ ಸ್ನಾಯುಗಳು ನನ್ನ ವಂಶವನ್ನೆಲ್ಲ ಬೈದವು. ಅಲ್ಲಿಂದ ದಿನಕ್ಕೆ ಒಂದು, ಆಮೇಲೆ ಎರಡು, ಸಂಕ್ರಾಂತಿಯ ಹೊತ್ತಿಗೆ ನಾಲ್ಕು ಸಾಲು. ನಾನು ವ್ಯಾಯಾಮ ಮಾಡುತ್ತಿದ್ದೇನೆಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ. ಶಿಕ್ಷೆ ಅನುಭವಿಸುತ್ತಿದ್ದೆ. ವ್ಯಾಯಾಮವೆಂದು ಹೇಳಿದ್ದರೆ ಖಂಡಿತ ತಪ್ಪಿಸಿಕೊಳ್ಳುತ್ತಿದ್ದೆ.

ಇಲ್ಲಿ ನಾಡಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮ ಹಳೆಯ ಪಂಡಿತರು ನಾಡಿಯನ್ನು ಎಣಿಸುತ್ತಿರಲಿಲ್ಲ, ಅದರ ನಡಿಗೆ ನೋಡುತ್ತಿದ್ದರು. ವಾತದ್ದು ಹಾವಿನ ಹಾಗೆ ಹರಿಯುತ್ತದಂತೆ, ಪಿತ್ತದ್ದು ಕಪ್ಪೆಯ ಹಾಗೆ ಕುಪ್ಪಳಿಸುತ್ತದಂತೆ, ಕಫದ್ದು ಹಂಸದ ಹಾಗೆ ತೇಲುತ್ತದಂತೆ. ನವೆಂಬರಿನಲ್ಲಿ ನನ್ನದು ಯಾವುದೆಂದು ಕೇಳಿದರೆ, ಹಾವನ್ನು ಕಂಡ ಕಪ್ಪೆಯದು. ನನಗೆ ಆ ಪಂಡಿತರ ಮೇಲೆ ಗೌರವ, ಯಾಕೆಂದರೆ ಅವರೂ ಒಂದು ರೀತಿಯಲ್ಲಿ ನನ್ನ ಕಸುಬಿನವರೇ. ಯಾವ ಪ್ರಾಣಿಯ ನಡೆ ಯಾರೊಳಗೆ ಹೊಕ್ಕಿದೆ ಎಂದು ಹಿಡಿಯುವುದು ಸಣ್ಣ ವಿದ್ಯೆಯಲ್ಲ. ವ್ಯತ್ಯಾಸ ಇಷ್ಟೆ: ನಾನು ಹೊರಗಿನದನ್ನು ಕದಿಯುತ್ತೇನೆ, ಅವರು ಒಳಗಿನದನ್ನು ಪತ್ತೆ ಹಚ್ಚುತ್ತಾರೆ. ಕಳ್ಳನೂ ಪೊಲೀಸನೂ ಎದುರುಬದುರು ಕೂತ ಹಾಗೆ. ಮುಖಕ್ಕೆ ನಗು ಕಲಿಸಬಹುದು, ಕಣ್ಣಿಗೆ ನೀರು ಕಲಿಸಬಹುದು. ಮಣಿಕಟ್ಟಿಗೆ ಪಾಠ ಹೇಳಬಲ್ಲ ಮೇಷ್ಟ್ರೆಂದರೆ ಕಾಲೊಂದೇ, ಅದೂ ನಿಧಾನದ ಮೇಷ್ಟ್ರು.

ಬರೀ ‘ಏರು, ಇಳಿ’ ಬೇಸರವಾಗಿ ಜನವರಿಯಲ್ಲಿ ನಾನು ದನಿ ಬದಲಾಯಿಸತೊಡಗಿದೆ. ಒಂದು ನಿಮಿಷ ಕಂಡಕ್ಟರ್ ಆಗಿ ‘ಮುಂದಕ್ ಹತ್ರೀ, ಕೆಳಗ್ ಇಳೀರೀ’ ಎಂದು, ಇನ್ನೊಂದು ನಿಮಿಷ ಪ್ರಿನ್ಸಿಪಾಲರಾಗಿ ‘ಏರಿ… ಎನಿವೇ… ಇಳಿಯಿರಿ’ ಎಂದು. ಹಾಸ್ಟೆಲಿನ ಕಂಬಳಿಗಳು ಒಂದೊಂದೇ ಎದ್ದು ಬಂದವು. ಆ ಹನ್ನೊಂದು ಜನವೂ ಬಂದರು. ಮೂರು ವರ್ಷ ಅವರ ದನಿ ಮಾತ್ರ ಮೈದಾನ ನೋಡಿತ್ತು, ಈಗ ದೇಹಗಳ ಪರಿಚಯವಾಯಿತು. ಆದರೆ ಎಮ್ಮೆಯ ಆಲಾಪ ಮಾತ್ರ ಕೈಕೊಡುತ್ತಿತ್ತು. ಅದಕ್ಕೆ ಹೊಟ್ಟೆಯಾಳದಿಂದ ಉದ್ದ ಉಸಿರು ಬೇಕು. ಎರಡನೆಯ ನಿಮಿಷದಲ್ಲಿ ತೆಗೆದರೆ ಎಮ್ಮೆಯ ಬದಲು ಮೇಕೆ ಬರುತ್ತಿತ್ತು. ಜನವರಿಯ ಕೊನೆಗೆ ಒಂದು ದಿನ ಮೂರನೆಯ ನಿಮಿಷದಲ್ಲಿ ಮೇಕೆ ಹೋಗಿ ಎಮ್ಮೆಕರುವಿನ ದನಿ ಬಂತು. ಹುಡುಗರು ಬೆಂಚಿನ ಮೇಲೆಯೇ ಚಪ್ಪಾಳೆ ತಟ್ಟಿದರು. ಗಂಗನೂ ಅಷ್ಟರಲ್ಲಿ ನಾಲ್ಕು ನಿಮಿಷಕ್ಕೆ ಬಂದಿದ್ದ. ಅವನ ಶರಟಿನ ಕೊನೆಯ ಗುಂಡಿ ವರ್ಷಗಳ ಬಳಿಕ ತನ್ನ ಕಾಜಾವನ್ನು ಭೇಟಿಯಾಯಿತು.

ಫೆಬ್ರವರಿ ಬಂತು. ಪರೀಕ್ಷೆಯ ದಿನ ನಾನು ಬೆಲ್‌ಬಾಟಮನ್ನು ಮೊಣಕಾಲಿಗೆ ಸುತ್ತಿ ದಾರದಿಂದ ಕಟ್ಟಿಕೊಂಡು ಹೋದೆ. ಐದು ಸಾಲು. ಐದಕ್ಕೂ ನಾನೇ ಕೂಗಬೇಕು, ಅಂದರೆ ಐದಕ್ಕೂ ನಾನೇ ಹತ್ತಿ ಇಳಿಯಬೇಕು. ಗಂಗನ ನಾಡಿ ಅರವತ್ತೊಂಬತ್ತಕ್ಕೆ ನಿಂತಿತು. ಅವನು ಮೇಷ್ಟ್ರನ್ನು ಎತ್ತಿಕೊಂಡು ಒಂದು ಸುತ್ತು ಓಡಿ, ‘ನೋಡಿ ಸಾ, ಇನ್ನೂ ಐತೆ ದಮ್ಮು’ ಎಂದ. ಐದನೆಯ ಸಾಲು ಮುಗಿಯಿತು. ಅಂಗಿ ಹಿಂಡಿದರೆ ಕೆರೆಗೆ ಕೋಡಿ ಬೀಳುವಷ್ಟು ಬೆವರು. ಇನ್ನು ನಾಳೆಗೆ ನನ್ನದು ಎಂದುಕೊಂಡು ಟವೆಲ್ಲಿಗೆ ಕೈಹಾಕಿದೆ.

‘ಪೆಟ್ಟಿಗೀ, ಈಗ ನಿಂದು’ ಎಂದರು ಮೇಷ್ಟ್ರು.

ಗಂಗ ನಡುವೆ ನುಗ್ಗಿದ. ‘ಸಾ, ಅನ್ಯಾಯ ಸಾ! ಅವ್ನು ಬೆಳಗ್ಗಿಂದ ಅತ್ತಿ ಇಳೀತಾವ್ನೆ. ನಾಳೀಕ್ ಇಟ್ಕಳಿ.’

‘ಪಟ್ಟಿ ಇವತ್ತು ಸಂಜಿಗೆ ಆಫೀಸಿಗೆ ಹೋಗ್ತದ. ನಾಳೆ ಅನ್ನೂದು ನನ್ನ ಕಡೆ ಇಲ್ಲ’ ಎಂದರು ಮೇಷ್ಟ್ರು. ಆಮೇಲೆ ನನ್ನನ್ನು ನೋಡಿ, ‘ಬಾಯಿಗೆ ರಜಾ. ನಿಂಗ ಬ್ಯಾರೇದಾವ್ರು ಕೂಗ್ತಾರ’ ಎಂದರು.

ಕೂಗಲು ನಿಂತವನು ಗಂಗ. ಅವನು ಕೂಗಿದ್ದು ನನ್ನ ದನಿಯಲ್ಲಿ, ಅಂದರೆ ಪಾಟೀಲ ಮೇಷ್ಟ್ರನ್ನು ಅಣಕಿಸುವ ನನ್ನನ್ನು ಅಣಕಿಸುತ್ತ. ಜೀವಮಾನವೆಲ್ಲ ಊರಿನವರನ್ನು ಅಣಕಿಸಿದವನಿಗೆ ತನ್ನನ್ನು ಇನ್ನೊಬ್ಬ ಅಣಕಿಸುವುದು ಎಷ್ಟು ಕೆಟ್ಟದಾಗಿ ಕೇಳುತ್ತದೆಂದು ಅಂದೇ ತಿಳಿದದ್ದು. ಅದಿರಲಿ. ಒಂದು ನಿಮಿಷ ಸರಿಯಾಗಿತ್ತು. ಆಮೇಲೆ ಸ್ನೇಹ ಅವನ ಗಂಟಲಿಗೆ ಏರಿತು. ನನಗೆ ಹುರುಪು ತುಂಬುವ ಆವೇಶದಲ್ಲಿ ‘ಏರು ಇಳಿ ಏರು ಇಳಿ’ ಎಂದು ಓಡತೊಡಗಿದ. ಹಿಂದೆ ನಾನು ಅವನಿಗಾಗಿ ಎಳೆದದ್ದಕ್ಕೆಲ್ಲ ಈಗ ಬಡ್ಡಿ ಸಮೇತ ದೌಡು. ಅವನ ಬಾಯಿಯ ಹಿಂದೆ ಹೋದರೆ ಮೂರನೆಯ ನಿಮಿಷಕ್ಕೆ ನಾನೂ ಇಲ್ಲ, ಚೊಂಬಿನ ಮೇಲಿನ ಬಿ.ಎಸ್ಸಿ.ಯೂ ಇಲ್ಲ.

ಆಗ ಒಂದು ವಿಚಿತ್ರ ನಡೆಯಿತು. ನನ್ನ ಕಾಲು ಗಂಗನ ಮಾತು ಕೇಳಲಿಲ್ಲ. ಎರಡೂವರೆ ತಿಂಗಳು ದಿನಕ್ಕೆ ಅಷ್ಟಷ್ಟು ಸಾಲು ಹತ್ತಿಳಿದ ಕಾಲು, ನಿಮಿಷಕ್ಕೆ ಮೂವತ್ತು ಎಂದರೆ ಮೂವತ್ತೇ. ಅದು ತನ್ನ ಪಾಡಿಗೆ ಹತ್ತಿತು, ತನ್ನ ಪಾಡಿಗೆ ಇಳಿಯಿತು. ಗಂಗನ ಕೂಗು ಒಂದು ಕಡೆ, ನನ್ನ ಪಾದ ಒಂದು ಕಡೆ. ಸುತ್ತ ನಿಂತ ಹುಡುಗರು ಸ್ವಲ್ಪ ಹೊತ್ತು ತಬ್ಬಿಬ್ಬಾಗಿ, ಆಮೇಲೆ ಗಂಗನನ್ನು ಬಿಟ್ಟು ನನ್ನ ಪಾದ ನೋಡಿ ಕೂಗಲು ಶುರುಮಾಡಿದರು. ನಲವತ್ತು ಗಂಟಲು, ನಡುವೆ ಆ ಹನ್ನೊಂದೂ. ‘ಏರು!’ ‘ಇಳಿ!’ ಕೊನೆಗೆ ಗಂಗನೂ ಸೋತು ಅವರ ಜೊತೆ ಸೇರಿಕೊಂಡ. ನಾಲ್ಕನೆಯ ನಿಮಿಷ ದಾಟಿತು. ಬಾಯಿಗೆ ರಜೆ ಕೊಟ್ಟಿದ್ದರು ನಿಜ, ಆದರೆ ಐದನೆಯ ನಿಮಿಷದ ಅರ್ಧದಲ್ಲಿ ನನಗೆ ತಡೆಯಲಾಗಲಿಲ್ಲ. ಬೆಂಚಿನ ಮೇಲಿಂದ ಹೊಟ್ಟೆಯಾಳದ ಉಸಿರೆಳೆದು ಎಮ್ಮೆಯ ಆಲಾಪವನ್ನು ಬಿಟ್ಟೆ. ಪೂರ್ತಿ. ಕರು ಕಾಣದ ದುಃಖದಿಂದ ಹಿಡಿದು ಕಂಡ ಆನಂದದವರೆಗೆ. ಕೆರೆಯ ಏರಿಯ ಮೇಲೆ ಮೇಯುತ್ತಿದ್ದ ನಿಜವಾದ ಎಮ್ಮೆಯೊಂದು ತಲೆಯೆತ್ತಿ ಉತ್ತರ ಕೊಟ್ಟಿತು. ಇದಕ್ಕಿಂತ ದೊಡ್ಡ ವಿಮರ್ಶೆ ನನ್ನ ಕಲೆಗೆ ಈವರೆಗೆ ಬಂದಿಲ್ಲ.

ಕೂತೆ. ಒಂದು ನಿಮಿಷ ಮೈದಾನದಲ್ಲಿ ಯಾರೂ ಉಸಿರಾಡಲಿಲ್ಲ, ನನ್ನನ್ನು ಬಿಟ್ಟು. ಮೇಷ್ಟ್ರು ಮೂರು ಬೆರಳಿಟ್ಟು ಗಡಿಯಾರ ನೋಡಿದರು. ಮುಗಿಸಿದರು. ನನ್ನ ಇನ್ನೊಂದು ಕೈ ಹಿಡಿದು ಮತ್ತೆ ಎಣಿಸಿದರು. ಹುಬ್ಬು ಗಂಟಿಕ್ಕಿ ನನ್ನ ಮುಖಕ್ಕೆ ಮುಖ ತಂದರು.

‘ಏ ತಮ್ಮಾ, ಖರೇ ಹೇಳು. ನಾಡೀನೂ ಅಣಕಸ್ತೀಯೇನು?’

‘ಇಲ್ಲ ಸಾರ್, ಇದೊಂದು ನಂದೇ’ ಎಂದೆ.

‘ಐವತ್ತೆಂಟು’ ಎಂದು ಕೂಗಿದರು ಮೇಷ್ಟ್ರು. ಗದಗಿನ ಮನುಷ್ಯ ನಗುವುದನ್ನು ನಾವು ಮೊದಲ ಸಲ ನೋಡಿದೆವು. ಆಮೇಲೆ ನನಗೆ ಕಂಡದ್ದು ಬರೀ ಆಕಾಶ, ಯಾಕೆಂದರೆ ನಾನು ಗಂಗನ ಹೆಗಲ ಮೇಲೆ ಅಂಗಾತ ಇದ್ದೆ. ಅವನು ಮೈದಾನ ಸುತ್ತುತ್ತ, ‘ಏರ್ಸಿದ್ದೀನಿ, ಇಳ್ಸಕ್ಕಿಲ್ಲ!’ ಎಂದು ಅರಚುತ್ತಿದ್ದ.

ಹಾಲ್ ಟಿಕೆಟ್ಟು ಬಂತು, ಪರೀಕ್ಷೆಯೂ ಆಯಿತು, ಚೊಂಬಿನ ಮೇಲೆ ಅವ್ವ ಕೊರೆಸಿದ್ದು ಸುಳ್ಳಾಗಲಿಲ್ಲ. ಫಲಿತಾಂಶ ತಿಳಿದ ದಿನ ಬಾಗಲೂರಿನ ನಿಲ್ದಾಣದಿಂದ ಮನೆಯವರೆಗೆ ಓಡಿಕೊಂಡೇ ಹೋದೆ. ಜಗುಲಿಯನ್ನು ಒಂದೇ ನೆಗೆತಕ್ಕೆ ಹತ್ತಿದೆ. ಅವ್ವ ಗಾಬರಿಯಿಂದ ರಸ್ತೆಯ ಕಡೆ ಇಣುಕಿ, ‘ನಾಯಿ ಎಲ್ಲೈತ್ಲಾ?’ ಎಂದಳು. ವಿಷಯ ಹೇಳಿದೆ. ‘ಗೊತ್ತಿತ್ತು ಬುಡು’ ಎಂದು ಚೊಂಬು ತುಂಬ ನೀರು ಕೊಟ್ಟಳು. ಏದುಸಿರೂ ಇರಲಿಲ್ಲ, ಬಾಯಾರಿಕೆಯೂ ಇರಲಿಲ್ಲ, ಆದರೂ ಬಿ.ಎಸ್ಸಿ.ಯನ್ನು ಹೆಬ್ಬೆರಳಿನಿಂದ ಸವರುತ್ತ ಪೂರ್ತಿ ಕುಡಿದೆ.

ಈಗಲೂ ನಾಲ್ಕು ಜನ ಸೇರಿದ ಕಡೆ ದನಿ ತೆಗೆಯಲು ಕೇಳುತ್ತಾರೆ. ಪ್ರಿನ್ಸಿಪಾಲರು ಬರುತ್ತಾರೆ, ಕಡಲೆಕಾಯಿಯವನು ಬರುತ್ತಾನೆ, ಎಮ್ಮೆಯಂತೂ ಕರೆಯುವ ಮೊದಲೇ ಬರುತ್ತದೆ. ಅವರೆಲ್ಲರನ್ನೂ ಗಂಟಲಿನಿಂದ ಕಲಿತದ್ದು, ಕೂತಲ್ಲೇ ಹೇಳಬಲ್ಲೆ. ಪಾಟೀಲ ಮೇಷ್ಟ್ರನ್ನು ಮಾಡಿ ತೋರಿಸು ಎಂದರೆ ಮಾತ್ರ ನಾನು ಎದ್ದು ನಿಂತು, ಮೊದಲು ಒಂದು ಬೆಂಚು ತರಿಸಿ ಎನ್ನುತ್ತೇನೆ.